ದಾನಿಯ ಹಿಂದಲಾಗ

ಗಾಜಿಗೆ ಬಿಸಿಲು ಬಡದು ರಸ್ತೆ ಒಂದ ಗಳಿಗಿ ಬೆಳ್ಳಗಾತು, ಕಾಲು ತಾನ ಬ್ರೇಕಿನ ಮ್ಯಾಲೆ ಹೋತು, ಏನಿಲ್ಲ, ತಿರುವು, ಅಮೀನಗಡ ಹಿಂದ ಬಿತ್ತು, ಇನ್ನ ಹುನಗುಂದ — ಇಷ್ಟೊತ್ತಿಗೆ ಅಲ್ಲೆ ಕಾಶ್ಮೀರದಾಗ ನನ್ನ ಮಗಳು ದಾನೇಶ್ವರಿ, ನಮ್ಮ ದಾನಿ, ಬರ್ಫಿನ ಗುಡ್ಡದ ಮ್ಯಾಲೆ ನಿಂತಿರತಾಳ, ಕಾಲಿಗೆ ಆ ಉದ್ದನ ಸ್ಕೀ ಬಿಗಕೊಂಡು, ಜಾರಿ ಬಂದು, ದಿಬ್ಬದಿಂದ ಗಾಳಿಗೆ ಹಾರಿ, ಹಿಂದಲಾಗ ಹೊಡದು, ಮತ್ತ ಕಾಲ ಮ್ಯಾಲೆ ಇಳೀಬೇಕು, ಹದಿನೈದರ ಹುಡುಗಿ, ನಾ ಇಲ್ಲೆ ಬಸ್ಸಿನ ಸ್ಟೇರಿಂಗ್ ಹಿಡಕೊಂಡು ಕುಂತೇನಿ, ಬರ್ಫ ಅಂದ್ರ ನಾ ಕಂಡದ್ದು ಸೋಡಾದ ಅಂಗಡ್ಯಾಗಿಂದಷ್ಟ. ಮೊಬೈಲ್ ಕಂಡಕ್ಟರ್ ಶಾಹಿದನ ಕೈಯಾಗ ಕೊಟ್ಟೇನಿ, ಲೈವ್ ಬರ್ತೈತಂತ, ನೋಡು, ಆದ್ರ ಹುನಗುಂದ ಮುಟ್ಟೂತನಕ ನನಗ ಏನೂ ಹೇಳಬ್ಯಾಡ ತಮ್ಮಾ, ಬಸ್ ತುಂಬ ಮಂದಿ ಕುಂತಾರ, ಆತು ನಾಗಲಿಂಗಣ್ಣಾ, ಹೇಳೂದಿಲ್ಲ. ಬಾಗಲಕೋಟ್ಯಾಗ ದಾನಿಗೆ ಜಿಮ್ನ್ಯಾಸ್ಟಿಕ್ಸ್ ಕಲಸೂ ಲಲಿತಾ ಟೀಚರ್ ಮನಿತನಕ ಬಂದಿದ್ದರು, ಬರ್ಫಿನ ಮ್ಯಾಲೆ ಲಾಗ ಹೊಡಿಯೂ ಆಟ ಐತ್ರಿ, ಲಾಗ ಬರೂ ಹುಡುಗ್ಯಾರನ್ನ ಹುಡಕಾಕತ್ತಾರ, ಜಾರೂದು ಅವರ ಕಲಸ್ತಾರ, ನನ್ನ ಹೇಣ್ತಿ ಗುರುಲಿಂಗವ್ವ ಚಾ ಸೋಸಾಕಿ ಹಂಗ ನಿಂತಳು, ಅಲ್ಲೆ ಥಂಡಿ ಭಾಳ ಇರಬೇಕಲ್ರಿ ಅಂದಳು, ಬ್ಯಾಡ ಅನ್ನಲಿಲ್ಲ, ಹೋದ ವರ್ಷ ಬಿದ್ದಾಗನೂ ಅನ್ನಲಿಲ್ಲ. ಇದ ಹಿಂದಲಾಗ, ಇದ ಗುಡ್ಡ, ಮೊಳಕಾಲು ತಿರುಗಿ ದವಾಖಾನ್ಯಾಗ ಮಲಗಿದಳು, ಪಟ್ಟಿ ಕಟಗೊಂಡು ಮನಿಗೆ ಬಂದಳು, ಪಡಸಾಲ್ಯಾಗ ಗೋಡಿ ಹಿಡದು ಮತ್ತ ನಡ್ಯಾಕ ಕಲತಳು, ಕೂಸಿದ್ದಾಗ ಮೊದಲನೇ ಹೆಜ್ಜಿ ಇಟ್ಟ ದಿವಸ ನಾ ಡ್ಯೂಟಿ ಮ್ಯಾಲಿದ್ದೆ, ನೋಡಲಿಲ್ಲ, ಈ ಸಲ ರಜಾ ಹಾಕಿ ಕುಂತು ನೋಡಿದೆ, ಅಪ್ಪಾ ಕೈ ಬಿಡು, ಬೀಳ್ತೀಯವಾ, ಬಿಡು ಅಂದ್ರ ಬಿಡು, ಬಿಟ್ಟೆ, ಬಾಗಲತನಕ ಹೋಗಿ ಹೊಸ್ತಲಾ ಮುಟ್ಟಿ ಹೊಳ್ಳಿ ನೋಡಿ ನಕ್ಕಳು, ಅವತ್ತ ನನಗ ಗೊತ್ತಾತು, ಇಕಿ ಮತ್ತ ಹೋಗ್ತಾಳ.

ಮುಂಜಾನೆ ಫೋನ್ ಮಾಡಿದ್ದಳು, ಅಪ್ಪಾ, ಬಿದ್ದ ಲಾಗಾನ ಹೊಡಿತೇನಿ, ಕೋಚ್ ಮೇಡಂ ಹಗರ ಲಾಗ ಸಾಕಂದ್ರು, ನಾನ ಒಲ್ಲೆ ಅಂದೆ, ಅಂಜಬ್ಯಾಡ. ಬ್ಯಾಡವಾ ಅನ್ನಾಕ ಬಾಯಿ ತಗದೆ, ಬಂದದ್ದು ಬ್ಯಾರೆ, ಹೊಟ್ಟಿಗೆ ಏನರ ತಿಂದೀಯೇನು. ಗುರುಲಿಂಗವ್ವ ಫೋನ್ ಹಿಡೀಲಿಲ್ಲ, ನಾ ಡ್ಯೂಟಿಗೆ ಹೊಂಟಾಗ ಅಂದಳು, ಬಿದ್ದರ ನನಗ ಹೇಳಬ್ಯಾಡ್ರಿ, ನಿಂತರ ಅಷ್ಟ ಫೋನ್ ಮಾಡ್ರಿ — ಟ್ರ್ಯಾಕ್ಟರ್ ಅಡ್ಡ ಬಂತು, ಸಾವಕಾಶ, ಹಾರ್ನ್, ಮುದುಕಿ ಒಬ್ಬಾಕಿ ಕೈ ಮಾಡಾಕತ್ತಾಳ, ನಿಲ್ಲಸಬೇಕು, ಇಳಕಲ್ಲಿಗೆ ಹೋಗ್ತೈತೇನಪಾ, ಹೋಗ್ತೈತಿ ಹತ್ತಬೇ, ಸಾವಕಾಶ ಹತ್ತು, ಕೈ ಕೊಡ್ರಿ ಆಕಿಗೆ ಯಾರರ. ಶಾಹಿದನ ಟಿಕೆಟ್ ಟಿಕೆಟ್ ಅನ್ನೂದು ನಿಂತೈತಿ, ಯಾಕ ನಿಂತೈತಿ, ಕನ್ನಡಿಯಾಗ ನೋಡಬಾರದು, ನೋಡಿದೆ, ತೆಲಿ ಬಗ್ಗಿಸ್ಯಾನ, ಬಾಯಿಗೆ ಕೈ ಹಿಡದಾನ, ಅದು ಏನರ ಇರಬಹುದು, ರಸ್ತೆ ನೋಡು ನಾಗಲಿಂಗ, ರಸ್ತೆ, ಎಡಕ್ಕ ಸೈಕಲ್, ಮುಂದ ಹಂಪು, ಎಲ್ಲಾರೂ ಸೀಟಿನಿಂದ ಎದ್ದು ಕುಂತರು, ಕೋರ್ಟು ದಾಟಿತು, ಹುನಗುಂದ ಬಸ್ ಸ್ಟ್ಯಾಂಡು, ಹ್ಯಾಂಡಬ್ರೇಕ್ ಜಗ್ಗಿದೆ, ಕೈ ಅದರ ಮ್ಯಾಲೆ ಹಂಗ ಉಳೀತು.

ಅಣ್ಣಾ, ನೀನ ನೋಡು, ಅಂತ ಮೊಬೈಲ್ ಹಿಡದಾನ, ಆಗಿ ಹೋದದ್ದನ್ನ ಮತ್ತ ಮೊದಲಿಂದ ತೋರಸಾಕತ್ತಾನ, ಸಣ್ಣ ಕೆಂಪ ಚುಕ್ಕಿ ಗುಡ್ಡದ ಮ್ಯಾಲಿಂದ ಬಂತು, ದೊಡ್ಡದಾತು, ದಾನಿ, ಹಾರಿದಳು, ನೆಟವರ್ಕ್ ಹೋತು, ಚಿತ್ರ ಅಲ್ಲೇ ನಿಂತಿತು, ಆಕಿ ಗಾಳ್ಯಾಗ, ತೆಲಿ ಕೆಳಗ, ಕಾಲು ಆಕಾಶಕ್ಕ, ಹೆಲ್ಮೆಟ್ಟಿನಿಂದ ಹೊರಗ ಬಂದ ಜಡಿ. ಶಾಹಿದಾ, ಹೇಳೋ. ನಿಂತಳಣ್ಣಾ, ಒಂದ ಕೈ ಬರ್ಫಿಗೆ ಹತ್ತಿತು, ಖರೆ, ಆದ್ರ ನಿಂತಳು, ಆರನೇ ನಂಬರ್ ಬಂದಾಳ. ಅವನ ಫೋನಿನಿಂದ ಮನಿಗೆ ಹಚ್ಚಿದೆ, ನಿಂತಳು ಅಂದೆ, ಗುರುಲಿಂಗವ್ವ ಅಂದಳು, ಥಂಡ್ಯಾಗ ನಿಂದ್ರಬ್ಯಾಡ ಅನ್ರಿ ಆಕಿಗೆ, ಒಳಗ ಹೋಗಿ ಸ್ವೆಟರ್ ಹಾಕ್ಕೊ ಅನ್ರಿ. ಹಿಂದಿನ ಸೀಟಿನಾಂವ ಬಸ್ ಬಿಡ್ರಿ ಅಂತಾನ, ಬಿಡ್ತೇನ್ರಿ, ಇಳದಾಳ, ಆಕಿ ಯಾವಾಗೋ ಇಳದಾಳ, ಗೊತ್ತೈತಿ ನನಗ, ಆದರೂ ನನ್ನ ಕೈಯಾಗಿನ ಮೊಬೈಲಿನಾಗ ಆಕಿ ಇನ್ನೂ ಗಾಳ್ಯಾಗ ಅದಾಳ, ತೆಲಿ ಕೆಳಗ, ಆ ಜಡಿ, ಇನ್ನೊಂದ ಗಳಿಗಿ ತಡ್ರಿ, ಅದ ಜಡಿ