ಲೂರಾಳ ಪಥ್ಯ

ನಮ್ಮ ನಾಯಿ ಲೂರಾಳ ಹೊಟ್ಟೆ ಮತ್ತೆ ಊದಿತ್ತು. ಬೆನ್ನು ಸವರಿದರೆ ಮೂಳೆ ಕೈಗೆ ಚುಚ್ಚುತ್ತಿತ್ತು. ಕಂಬಳಿಗೆ ಅಂಟಿದ್ದ ಜಿಡ್ಡುಜಿಡ್ಡಾದ ಭೇದಿಯನ್ನು ತೊಳೆಯುತ್ತಿದ್ದಾಗಲೇ ನನಗೆ ಖಾತ್ರಿಯಾಯಿತು: ಯಾರೋ ಇವಳಿಗೆ ಕದ್ದು ಕೊಬ್ಬು ತಿನ್ನಿಸುತ್ತಿದ್ದಾರೆ.

ಒಂದು ಕಾಲದಲ್ಲಿ ಬಂಡೆಯ ಬಿಲಗಳಿಂದ ಹಕ್ಕಿ ಹಿಡಿದು ತರುತ್ತಿದ್ದ, ನಮ್ಮ ದ್ವೀಪದ ಈ ಆರು ಬೆರಳಿನ ನಾಯಿಗಳಿಗೆ ವಂಶದಲ್ಲೇ ಬರುವ ಕಾಯಿಲೆ ಅದು. ಕರುಳಿಗೆ ಕೊಬ್ಬು ಒಗ್ಗದು. ಬೇಯಿಸಿದ, ಕೊಬ್ಬಿಲ್ಲದ ಬಿಳಿ ಮೀನು, ಅನ್ನ, ಅಷ್ಟೇ. ಕಡಲಾಚೆಯ ಬೋಡೊ ಪಟ್ಟಣದ ಪಶುವೈದ್ಯೆ ಕಳೆದ ಸಲವೇ ಹೇಳಿದ್ದರು, "ಪಥ್ಯ ತಪ್ಪಿದ್ರೆ ಉಳಿಯೋದು ಕಷ್ಟ."

ನನ್ನ ಅನುಮಾನವೆಲ್ಲ ಅತ್ತೆ ಬೊರ್ಗ್‌ಹಿಲ್ಡ್ ಮೇಲೆ. ಗಂಡ ದೋಣಿಯಲ್ಲಿ, ನಾನು ಮೀನಿನ ಶೆಡ್ಡಿನಲ್ಲಿ. ಹಗಲೆಲ್ಲ ಮನೆಯಲ್ಲಿರುವವರು ಅವರೇ. ಚಳಿಗಾಲವಿಡೀ ಅವರ ಪಾತ್ರೆಯಲ್ಲಿ ಎಣ್ಣೆ ತುಂಬಿದ ಮೀನಿನ ಲಿವರ್ ಬೇಯುತ್ತಿರುತ್ತದೆ. ಕಸದ ಬುಟ್ಟಿ ಕೆದಕಿದೆ. ಅವರ ಏಪ್ರನ್ ಮೂಸಿದೆ. ಕೊನೆಗೆ ಲೂರಾಳ ಮೂತಿ ಮೂಸಿದೆ. ಮೀನೆಣ್ಣೆ!

"ಅತ್ತೆ, ನಿಜ ಹೇಳಿ. ಇವಳಿಗೆ ಲಿವರ್ ಹಾಕ್ತಿದ್ದೀರಾ?"

ಅವರು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹಾಕೋದಾಗಿದ್ರೆ ನಿನ್ನ ಕಣ್ಣೆದುರಿಗೇ ಹಾಕ್ತಿದ್ದೆ ಕಣೇ. ನಿನಗೆ ಹೆದರ್ಕೊಂಡು ಕದ್ದು ಹಾಕ್ತೀನಾ?"

"ಮತ್ತೆ ಮೂತಿಯೆಲ್ಲ ವಾಸನೆ?"

"ಇಡೀ ಶೆಡ್ಡನ್ನೇ ಮೈಮೇಲೆ ಹೊತ್ಕೊಂಡು ಬರೋಳು ನೀನು. ವಾಸನೆ ಮಾತು ನನಗೆ ಹೇಳ್ತೀಯ!"

ನಾನು ನಂಬಲಿಲ್ಲ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳಂತೆ ಹೊರಬಾಗಿಲನ್ನು ಸದ್ದಾಗುವಂತೆ ಮುಚ್ಚಿ, ಕೋಟು ನೇತುಹಾಕುವ ಮೂಲೆಯಲ್ಲೇ ನಿಂತು ಅಡುಗೆಮನೆಗೆ ಇಣುಕಿದೆ. ಬಿಸಿಲೇ ಕಾಣದ ಚಳಿಗಾಲದ ತಿಂಗಳಲ್ಲಿ ಇಲ್ಲಿನ ಎಲ್ಲ ಮಕ್ಕಳಿಗೂ ಕೊಡುವಂತೆ ಅತ್ತೆ ನನ್ನ ಮಗಳು ಎಲ್ಡ್ರಿಡ್‌ಗೆ ಚಮಚದಲ್ಲಿ ಮೀನೆಣ್ಣೆ ಬಗ್ಗಿಸಿ ಕೊಟ್ಟು, ಒಲೆಯ ಕಡೆ ತಿರುಗಿದರು. ಮಗಳು ಒಂದು ಗುಟುಕು ನುಂಗಿದಳು. ಚಮಚ ಮೆಲ್ಲಗೆ ಮೇಜಿನ ಕೆಳಗೆ ಇಳಿಯಿತು. ಲೂರಾ ನೆಕ್ಕುವ ಸದ್ದು.

"ಎಲ್ಡ್ರಿಡ್!"

ಮಗು ಬೆಚ್ಚಿತು. "ನಾನು ಚೆಲ್ಲಲಿಲ್ಲಮ್ಮ. ಅರ್ಧ ನಾನೇ ಕುಡಿದೆ. ಕುಡಿದ್ರೆ ಗಟ್ಟಿ ಆಗ್ತಾರೆ ಅಂತ ನೀನೇ ಹೇಳ್ತೀಯಲ್ಲ. ಲೂರಾ ಎಷ್ಟು ಸಣ್ಣ ಆಗಿದ್ದಾಳೆ ನೋಡು."

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. "ಕೇಳಮ್ಮ, ಪೊಲೀಸಮ್ಮ. ಇನ್ನೂ ಯಾರನ್ನ ವಿಚಾರಣೆ ಮಾಡ್ಬೇಕು?"

ಕ್ಷಮಿಸಿ ಎಂದೆ. ಅವರು ಒಲೆಯತ್ತ ತಿರುಗಿದರು. ವೈದ್ಯೆಗೆ ಫೋನ್ ಮಾಡಿದೆ. "ಕಾರಣ ಗೊತ್ತಾಯ್ತಲ್ಲ, ಒಳ್ಳೇದಾಯ್ತು. ಪಥ್ಯ ಬಿಗಿ ಮಾಡಿ. ನೋಡೋಣ," ಎಂದರು. ಮಗಳಿಗೆ ಎಲ್ಲವನ್ನೂ ತಿಳಿಸಿ ಹೇಳಿದೆ. ನಮಗೆ ಒಳ್ಳೆಯದಾದದ್ದು ಲೂರಾಗೆ ವಿಷ ಎಂಬ ಮಾತು ಅವಳ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಅವಳು ಅಳಲಿಲ್ಲ, ಹೋಗಿ ನಾಯಿಯ ಮುಂದೆ ಕುಳಿತಳು.

ಸಂಜೆ ಬಿಳಿ ಮೀನು ಬೇಯಿಸಿ ಬಟ್ಟಲಲ್ಲಿ ತಂದೆ. ಮಗಳು ಎರಡೂ ಕೈ ಚಾಚಿ ಅಡ್ಡಗಟ್ಟಿದಳು.

"ಇದರಲ್ಲೇನಿದೆ?"

"ಬರೀ ಮೀನು, ಪುಟ್ಟಿ."

"ಮೊದ್ಲು ನೀನು ತಿನ್ನು."

ಉಪ್ಪಿಲ್ಲದ ಸಪ್ಪೆ ಮೀನಿನ ತುಣುಕನ್ನು ಅವಳ ಕಣ್ಣೆದುರಿಗೇ ನುಂಗಿದೆ. ಬಾಯಿ ತೆಗೆಸಿ ನೋಡಿದಳು. ಆಮೇಲೆಯೇ ಒಂದು ಕೈ ಇಳಿಸಿ, ಲೂರಾಗೆ ದಾರಿ ಬಿಟ್ಟಳು.