ಶೆಡ್ಡಿನ ಹಿಂದಿನ ಕೋಣೆ

ಮನೆಗಳನ್ನು ನೋಡಿಯೇ ಜನ ಹೇಗೆ ಬದುಕಿದರೆಂದು ಹೇಳಬಹುದು ಎಂದು ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದವಳು ನಾನು. ಜಗಲಿ ಕಿರಿದಾಗಿ ಕಾರ್ ಶೆಡ್ಡು ದೊಡ್ಡದಾದರೆ ನೆರೆಯವರೊಡನೆ ಮಾತು ಕಡಿಮೆಯಾಗಿದೆ ಎಂದುಕೊಳ್ಳಿ ಎನ್ನುತ್ತಿದ್ದೆ. ನನ್ನದೇ ಶೆಡ್ಡಿನ ಹಿಂದೆ ಒಂದು ಪುಟ್ಟ ಕೋಣೆಯಿತ್ತು. ಕಿಟಕಿಯಿಲ್ಲ, ಮನೆಯೊಳಗಿಂದ ಬಾಗಿಲಿಲ್ಲ. ಒಂದು ಕಮೋಡು, ಒಂದು ನಲ್ಲಿ. ಅಮೆರಿಕದ ಉತ್ತರದ ಒಹಾಯೊದಿಂದ ದಕ್ಷಿಣದ ಅಲಬಾಮಾಕ್ಕೆ ಬಂದು ಈ ಹಳೆಯ ಮನೆ ಕೊಂಡಾಗ, ತೋಟದ ಕೆಸರು ಒಳಗೆ ಬರದಿರಲೆಂದು ಕಟ್ಟಿದ್ದಾರೆ, ಎಂಥ ಬುದ್ಧಿವಂತರು ಅಂದುಕೊಂಡೆ. ಖಾಲಿ ಗುಲಾಬಿ ಕುಂಡಗಳನ್ನು ಅಲ್ಲಿಟ್ಟೆ.

ಕಳೆದ ಗುರುವಾರ ವರ್ಲೀನ್ ಮೊದಲ ಸಲ ಮನೆಗೆ ಬಂದಳು. ಗ್ರಂಥಾಲಯದಲ್ಲಿ ಪಕ್ಕಪಕ್ಕ ಕೂತು ಹರಿದ ಪುಸ್ತಕ ಅಂಟಿಸುವವರು ನಾವು. ಗಂಡ ಹೋದ ಮೇಲೆ ನನಗಿರುವ ಒಬ್ಬಳೇ ಗೆಳತಿ. ಕಾರು ನಿಲ್ಲಿಸಿ ಬಹಳ ಹೊತ್ತು ಅದರೊಳಗೇ ಕೂತಿದ್ದಳು. ಮಂಡಿನೋವೇನೋ ಎಂದುಕೊಂಡೆ. ಆಮೇಲೆ ಒಳಗೆ ಬಂದು ಮೇಜಿಗೆ ಕೂತಳು.

“ಪೀಚ್ ಪೈ ನೀವೇ ಮಾಡಿದ್ದಾ, ಮಿಸ್ ಅಡೆಲ್? ಅಂಗಡೀದು ಅಂದ್ರೂ ನಾನೇನೂ ಅನ್ಕೊಳ್ಳಲ್ಲ.”

“ಸುಟ್ಟಿರೋ ಕಡೆ ನೋಡಿ, ಅದು ಖಂಡಿತ ನಂದೇ.”

ನಕ್ಕಳು. ಸ್ವಲ್ಪ ಹೊತ್ತಿಗೆ ಟಾಯ್ಲೆಟ್ ಎಲ್ಲಿ ಎಂದು ಕೇಳಿದಳು.

“ಒಳಗಿಂದು ಬೆಳಿಗ್ಗೆಯಿಂದ ಕಟ್ಕೊಂಡಿದೆ. ಶೆಡ್ಡಿನ ಹಿಂದೆ ಇನ್ನೊಂದಿದೆ, ನಿಮಗೇ ಅಂತ ತೊಳೆದಿಟ್ಟಿದೀನಿ.”

ವರ್ಲೀನ್ ಫೋರ್ಕನ್ನು ಮೆಲ್ಲಗೆ ಕೆಳಗಿಟ್ಟಳು.

“ಅದು ನಂಗೊತ್ತು. ನಮ್ಮಮ್ಮ ಈ ಮನೇಲಿ ಹನ್ನೊಂದು ವರ್ಷ ಅಡುಗೆ ಮಾಡಿದ್ಳು. ಆಗಿನ ಬಿಳಿ ಮಾಲೀಕರ ಮಕ್ಕಳಿಗೆ ಉಣ್ಣಿಸ್ಬಹುದಿತ್ತು, ಮಲಗಿಸ್ಬಹುದಿತ್ತು. ಒಳಗಿನ ಟಾಯ್ಲೆಟ್ಟಿಗೆ ಮಾತ್ರ ಹೋಗೋ ಹಾಗಿರ್ಲಿಲ್ಲ. ನಮ್ಮಂಥ ಕರಿಯರಿಗೆ ಅಂತಲೇ ಅದನ್ನ ಕಟ್ಟಿಸಿದ್ರು.”

ನಿಮಗೇ ಅಂತ ಎಂದಿದ್ದೆ, ನಾನು.

ಅವಳೇ ಎದ್ದು ಹೋಗಿ ಆ ಬಾಗಿಲು ತೆರೆದಳು. ಹಿಂದೆಯೇ ಹೋದೆ. ಗೋಡೆಯ ಮೊಳೆಯಲ್ಲಿ ಕಳೆ ಕೀಳುವ ನನ್ನ ಕುರ್ಪಿ ತೂಗುತ್ತಿತ್ತು.

“ಆಳಿನ ಬಟ್ಟೇಲಿ ಬಸ್ಸು ಹತ್ತೋಕೆ ಅಮ್ಮಂಗೆ ಇಷ್ಟ ಇರ್ಲಿಲ್ಲ. ಇಲ್ಲಿಗೆ ಬಂದು ಬದಲಾಯಿಸ್ತಿದ್ಳು. ಒಳ್ಳೆ ಫ್ರಾಕು ನೇತುಹಾಕೋಕೆ ಅವಳೇ ಹೊಡೆದ ಮೊಳೆ ಇದು.”

ಕುರ್ಪಿ ತೆಗೆದೆ. “ನಂಗೆ ಗೊತ್ತೇ ಇರ್ಲಿಲ್ಲ, ವರ್ಲೀನ್.”

“ಭೂಗೋಳದ ಟೀಚರ್ ನೀವು,” ಎಂದಳು.

ಕೈಚೀಲ ತೆಗೆದುಕೊಂಡು ಕಾರಿನತ್ತ ನಡೆದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಎಂಜಿನ್ ಶುರುವಾಯಿತು. ಆಮೇಲೆ ಗಾಜು ಇಳಿಯಿತು.

“ಪೆಟ್ರೋಲ್ ಬಂಕಿಗೆ ಹೋಗ್ತಿದೀನಿ. ಅಲ್ಲಿ ಟಾಯ್ಲೆಟ್ ಇದೆ. ನೀವೂ ಬನ್ನಿ, ಆ ಮುಖ ಇಟ್ಕೊಂಡು ಒಬ್ರೇ ಇರೋದು ಬೇಡ.”

ಅಡುಗೆಯ ಏಪ್ರನ್ನಿನಲ್ಲೇ ಹೋಗಿ ಪಕ್ಕದಲ್ಲಿ ಕೂತೆ. ಕುರ್ಪಿ ಇನ್ನೂ ನನ್ನ ಕೈಯಲ್ಲೇ ಇತ್ತು.