ಹಿಂದಿನಿಂದ ಬರುವ ಗಾಳಿ

ಗಾಳಿ ಮುಂದಿನಿಂದಲೇ ಬರುವುದಾದರೆ ಎದುರಿನ ಗಾಜು ಅದನ್ನು ತಡೆಯಬೇಕಿತ್ತಲ್ಲ? ಹಾಗಾದರೆ ಕುತ್ತಿಗೆಯ ಹಿಂಭಾಗ ಏಕೆ ಹೀಗೆ ತಣ್ಣಗಾಗುತ್ತಿದೆ?

ರಾಮಲಿಂಗಯ್ಯ ನೆರೆಮನೆಯ ಅಪ್ಪಯ್ಯಣ್ಣನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದ. ಗಾಳಿ ನೋಡಲೆಂದೇ ದೊಡ್ಡಬಳ್ಳಾಪುರದ ಮನೆಯಿಂದ ಹೊರಟ ಕಾರು ರಾಜಘಟ್ಟದ ದಾರಿಯಲ್ಲಿ ಓಡುತ್ತಿತ್ತು. ಅದರ ಮಡಚುವ ಟಾಪು ಎರಡನೇ ಮಹಾಯುದ್ಧದ ಕಾಲದಲ್ಲೇ ಹರಿದುಹೋಗಿತ್ತು. ಯುದ್ಧ ಮುಗಿದು ವರ್ಷವಾದರೂ ಒಳ್ಳೆಯ ಕ್ಯಾನ್ವಾಸ್ ಸಿಕ್ಕಿರಲಿಲ್ಲ. ಬರುವ ಶುಕ್ರವಾರ ಇದೇ ಕಾರಿನಲ್ಲಿ ಅವನು ದೇವನಹಳ್ಳಿಯ ತವರಿನಿಂದ ಹೆಂಡತಿ ರುಕ್ಮಿಣಮ್ಮನನ್ನೂ ಮೂರು ತಿಂಗಳ ಮಗುವನ್ನೂ ಮನೆಗೆ ಕರೆತರಬೇಕಿತ್ತು. ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಮಗುವಿಗಾಗದಷ್ಟು ಹೊಗೆ.

ಎರಡು ವರ್ಷದ ಹಿಂದೆ ಮೊದಲ ಮಗುವನ್ನೂ ಟಾಪಿಲ್ಲದ ಇದೇ ಕಾರಿನಲ್ಲಿ ಕರೆತಂದಿದ್ದರು. ಆಗ ಜೊತೆಗೆ ಬಂದಿದ್ದ ಅವನ ತಾಯಿ ನಾಗಲಕ್ಷ್ಮಮ್ಮ, ಬಾಣಂತಿಗೂ ಮಗುವಿಗೂ ಗಾಳಿ ಸೋಕಬಾರದೆಂದು ಸೊಸೆಯನ್ನು ಹಿಂದುಮುಂದಾಗಿ ಕೂರಿಸಿದ್ದರು. "ಗಾಳಿಗೆ ಬೆನ್ನು ಕೊಟ್ಟು ಕೂತ್ಕೊಳ್ಳಮ್ಮ" ಎಂದಿದ್ದರು. ರುಕ್ಮಿಣಮ್ಮ ದಾರಿಯುದ್ದಕ್ಕೂ ಸೀಟಿನ ಮೇಲೆ ಕಾಲು ಮಡಚಿ, ಹಿಂದಕ್ಕೆ ಮುಖ ಮಾಡಿ, ಮಗುವನ್ನು ಎದೆಗವಚಿಕೊಂಡು ಕೂತಿದ್ದಳು. ವಾರ ಕಳೆಯುವಷ್ಟರಲ್ಲಿ ಮಗುವಿಗೆ ಕೆಮ್ಮು, ಜ್ವರ. ಅದು ಉಳಿಯಲಿಲ್ಲ. ಡಾಕ್ಟರು ಗಾಳಿಯ ಮಾತೆತ್ತಲಿಲ್ಲ. ಆದರೆ ಮಾತಾಡಿಸಲು ಬಂದವರಿಗೆಲ್ಲ ನಾಗಲಕ್ಷ್ಮಮ್ಮ, ಸೊಸೆಗೆ ಮಗುವಿಗೆ ಸರಿಯಾಗಿ ಹೊದಿಸಲು ಬರಲಿಲ್ಲ ಎಂದು ಹೇಳಿದರು. ರುಕ್ಮಿಣಮ್ಮ ಒಳಗೆ ಕೂತು ಕೇಳಿಸಿಕೊಂಡಳು.

ಈಗ ಅವನು ತನ್ನ ಮಗ್ಗದಿಂದ ತಂದಿದ್ದ ನೂಲಿನ ತುಂಡುಗಳನ್ನು ಸೀಟಿನ ಒರಗಿನ ಮೇಲೆ ಸಾಲಾಗಿ ಕಟ್ಟಿದ. ಕಾರು ವೇಗ ಹಿಡಿದಾಗ ನೂಲುಗಳು ಎದ್ದವು. ಅವು ಹಿಂದಕ್ಕೆ ಹಾರಬೇಕೆಂದು ಅವನು ಕಾದಿದ್ದ. ಅವು ಮುಂದಕ್ಕೆ ಬಾಗಿ ಅವನ ಕಿವಿಗೆ ತಾಗಿದವು.

ಕಾರು ಓಡಿಸುತ್ತಿದ್ದ ಅಪ್ಪಯ್ಯಣ್ಣ ತಿರುಗಿ ನೋಡಿದ. "ಲೇ, ನಿನ್ನ ನೂಲಿಗೆ ತಲೆ ಕೆಟ್ಟೈತೆ ಕಣೋ."

ಗಾಜಿನ ಮೇಲಿಂದ ಹಾರಿದ ಗಾಳಿ ಕಾರಿನ ಹಿಂದೆ ಬಿದ್ದು, ಅಲ್ಲಿಂದ ಒಳಕ್ಕೆ ತಿರುಗುತ್ತಿತ್ತು. ಆವತ್ತು ರುಕ್ಮಿಣಮ್ಮ ಮುಖ ಮಾಡಿ ಕೂತಿದ್ದ ಕಡೆಯಿಂದಲೇ.

ಮನೆಯಲ್ಲಿ ಅವನು ಬಿದಿರಿನ ಚೌಕಟ್ಟು ಕಟ್ಟಿ ಅದಕ್ಕೆ ಗೋಣಿ ಹೊಲಿದ. ಗೋಣಿಯ ಮೇಲೆ ಮಗ್ಗದ ಹಾಸುನೂಲಿಗೆ ಹಾಕುವಂಥ ಗಟ್ಟಿ ಗಂಜಿ ಬಳಿದು, ಹಳೆಯ ಸೀರೆಯೊಂದನ್ನು ಅಂಟಿಸಿ, ಬಿಸಿಲಿನಲ್ಲಿ ಒಣಗಿಸಿದ. ಅದನ್ನು ಹಿಂದಿನ ಸೀಟಿನ ಬೆನ್ನಿಗೆ ನಿಲ್ಲಿಸಿ ಬಿಗಿದ. ಬಾಗಿಲ ಸಂದುಗಳಿಗೆ ಕಂಬಳಿ ಸುತ್ತಿ ತುರುಕಿದ. ಮತ್ತೆ ರಾಜಘಟ್ಟಕ್ಕೆ ಹೋಗಿ ಬಂದಾಗ ನೂಲುಗಳು ಸ್ವಲ್ಪ ನಡುಗಿದವು, ಅಷ್ಟೆ.

ಶುಕ್ರವಾರ ದೇವನಹಳ್ಳಿಯಲ್ಲಿ ರುಕ್ಮಿಣಮ್ಮ ಕಾರು ಹತ್ತಿದವಳೇ ಹಿಂದಕ್ಕೆ ತಿರುಗಿ ಕೂರಲು ಕಾಲು ಮಡಚಿದಳು.

"ನೆಟ್ಟಗೆ ಕೂತ್ಕೋ," ಎಂದ ಅವನು. "ಗಾಳಿ ಬರೋದು ಹಿಂದ್ಗಡೆಯಿಂದ. ತಡೆ ಕಟ್ಟಿದೀನಿ."

ಅವಳು ಆ ಗೋಣಿಯನ್ನು ಮುಟ್ಟಿ ನೋಡಿದಳು. ಕಾರು ಊರು ದಾಟಿತು. ಮಗು ನಿದ್ದೆಹೋಯಿತು. ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು:

"ಆವಾಗ್ಲೂ ಹಿಂದ್ಗಡೆಯಿಂದ್ಲೇ ಬಂದಿತ್ತಾ?"

"ಹೂಂ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ರಸ್ತೆಯನ್ನೇ ನೋಡುತ್ತ ಕೂತಳು. ಅಮ್ಮನಿಗೆ ಇವತ್ತೇ ಹೇಳಬೇಕು ಎಂದು ಅವನು ದೊಡ್ಡಬಳ್ಳಾಪುರ ಬರುವವರೆಗೂ ಮನಸ್ಸಿನಲ್ಲಿ ಮಾತು ಜೋಡಿಸಿದ.

ಬಾಗಿಲಲ್ಲಿ ಆರತಿ ಆಯಿತು. ನಾಗಲಕ್ಷ್ಮಮ್ಮ ಮಗುವನ್ನು ಎತ್ತಿಕೊಂಡು ಅದರ ಕೆನ್ನೆ, ಕಿವಿ, ಅಂಗಾಲು ಮುಟ್ಟಿ ನೋಡಿದರು. ಎಲ್ಲವೂ ಬೆಚ್ಚಗಿದ್ದವು. ಆದರೂ ಅವರ ಕೈ ಆ ಅಂಗಾಲನ್ನು ಬಿಡಲಿಲ್ಲ.

"ಈ ಸಲನಾದ್ರೂ ಸರಿಯಾಗಿ ಹೊದಿಸ್ಕೊಂಡ್ ಬಂದೆಯಲ್ಲ ತಾಯಿ," ಎಂದರು.

ರುಕ್ಮಿಣಮ್ಮ ಗಂಡನ ಕಡೆ ನೋಡಿದಳು. ಅವನು ಅಮ್ಮನ ಕೈಯನ್ನು ನೋಡುತ್ತಿದ್ದ. ಆಮೇಲೆ ಚೌಕಟ್ಟಿನ ಹಗ್ಗ ಬಿಚ್ಚಲು ಕಾರಿನ ಹತ್ತಿರ ಹೋದ.

ಅದಾದ ಮೇಲೂ ನಾಗಲಕ್ಷ್ಮಮ್ಮ ಬಹಳ ವರ್ಷ ಬದುಕಿದ್ದರು. ಆವತ್ತು ರುಕ್ಮಿಣಿ ನೀನು ಕೂರಿಸಿದಂತೆಯೇ ಕೂತಿದ್ದಳು ಎಂದು ಅವನು ಅವರಿಗೆ ಎಂದೂ ಹೇಳಲಿಲ್ಲ.